ತೀವ್ರ ಅಸಮಾಧಾನಕ್ಕೆ ಪಾತ್ರರಾದ ಮೇಜರ್ ಸಾಹೇಬರು

ನಮ್ಮ ಮೇಜರ್ ಸಾಹೇಬರು ಹೋದ ತಿಂಗಳು ಕೊಯಮತ್ತೂರಿನ ಆಸ್ಪತ್ರೆಯೊಂದರಲ್ಲಿ ತೀರಿಕೊಂಡರು. ಅವರು ಹೇಳದೆ ಕೇಳದೆ ಜಾಗ ಬಿಟ್ಟು ಹೋದದ್ದು ಇದೇ ಮೊದಲ ಸಲವಲ್ಲವಾದ್ದರಿಂದ ಸುದ್ದಿ ಕೇಳಿ ನನಗೆ ಅಂಥ ಆಘಾತವೇನೂ ಆಗಲಿಲ್ಲ. ಈ ಸಲ ಸಂಜೆಯೊಳಗೆ ವಾಪಸು ಬರುವುದಿಲ್ಲ ಎಂಬುದಷ್ಟೇ ಹೊಸದು.

ಊಟಿಯಲ್ಲಿ ಅವರಿಗೊಂದು ಶ್ರದ್ಧಾಂಜಲಿ ಸಭೆ ನಡೆಯಿತು. 'ಶಿಸ್ತಿನ ಸಿಪಾಯಿ' ಎಂದು ಬ್ಯಾನರು ಕಟ್ಟಿದ್ದರು. ಫೋಟೋಕ್ಕೆ ಹಾರ ಹಾಕಿದ ಮೇಲೆ, ಅವರ ಕೈಕೆಳಗೆ ಕೆಲಸ ಮಾಡಿದವನೆಂದು ನನಗೂ ಎರಡು ಮಾತಾಡಲು ಹೇಳಿದರು. ಗಂಟಲು ಸರಿಯಿಲ್ಲ ಎಂದು ತಪ್ಪಿಸಿಕೊಂಡೆ. ಗಂಟಲು ಸರಿಯಾಗಿಯೇ ಇತ್ತು, ಬ್ಯಾನರು ಸರಿಯಿರಲಿಲ್ಲ. ಅಲ್ಲಿ ಆಡದೆ ಉಳಿಸಿಕೊಂಡ ಎರಡು ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ. ಎರಡಕ್ಕಿಂತ ತುಸು ಹೆಚ್ಚಾದರೆ ಓದುವವರು ಕ್ಷಮಿಸಬೇಕು. ಹೆಸರು ಹೇಳುವುದಿಲ್ಲ. ಅವರ ಮನೆಯವರು ಒಳ್ಳೆಯ ಜನ.

ನಾನು ಸೈನಿಕನಲ್ಲ. ಗುಂಡ್ಲುಪೇಟೆ ಕಡೆಯಿಂದ ಆಲೂಗಡ್ಡೆ ವ್ಯಾಪಾರಕ್ಕೆಂದು ಬೆಟ್ಟ ಹತ್ತಿದ ನನ್ನಜ್ಜ ಇಳಿಯುವುದನ್ನು ಮರೆತದ್ದರಿಂದ ನಾವು ನೀಲಗಿರಿಯವರಾದೆವು. ಸೈನ್ಯದ ತರಬೇತಿ ಕೇಂದ್ರವೊಂದರಲ್ಲಿ ಸಿವಿಲಿಯನ್ ಗುಮಾಸ್ತನಾಗಿ ಸೇರಿದವನು ಹೆಡ್‌ಕ್ಲಾರ್ಕಾಗಿ ನಿವೃತ್ತನಾದೆ. ಒಂದು ದಿನವೂ ಬಂದೂಕು ಮುಟ್ಟಲಿಲ್ಲ. ಬಂದೂಕು ಮುಟ್ಟಿದವರ ಮೇಲೆ ಬಂದ ಆರೋಪಪಟ್ಟಿಗಳನ್ನು ಮಾತ್ರ ಒಂದನ್ನೂ ಬಿಡದೆ ಟೈಪು ಮಾಡಿದೆ. ಹಾಗಾಗಿ ಶಿಸ್ತು ಎಂದರೆ ಏನು ಎಂಬುದರಲ್ಲಿ ನನಗೆ ಸ್ವಲ್ಪ ತಿಳಿವಳಿಕೆ ಇದೆ. ಅದು ಮೂರು ಪ್ರತಿಗಳಲ್ಲಿ ಇರತಕ್ಕದ್ದು.

ಮೇಜರ್ ಸಾಹೇಬರು ಆರಡಿ ಆಳು. ಮೀಸೆಯನ್ನೂ ಇಸ್ತ್ರಿಗೆ ಕೊಡುತ್ತಾರೇನೋ ಎಂಬ ಅನುಮಾನ ಬರುವಂತಿತ್ತು. ಮೈಸೂರು ಕಡೆಯ ದೊಡ್ಡ ಮನೆತನದವರು. ಆಜ್ಞೆಗೆ ಹಿಂದಿ, ಬೈಗುಳಕ್ಕೆ ಇಂಗ್ಲಿಷು, ತಮಗೇನಾದರೂ ಕೆಲಸ ಆಗಬೇಕಿದ್ದಾಗ ಕನ್ನಡ, ಹೀಗೆ ಮೂರು ಭಾಷೆಗಳಿಗೂ ಅನ್ಯಾಯವಾಗದಂತೆ ನೋಡಿಕೊಂಡಿದ್ದರು. ಅವರು ನನ್ನ ಮೇಜಿನ ಬಳಿ ನಿಂತು, "ಏನಪ್ಪಾ, ಊಟ ಆಯ್ತಾ?" ಎಂದು ಕನ್ನಡದಲ್ಲಿ ಕೇಳಿದರೆ ಸಾಕು, ಕೈಯಲ್ಲಿದ್ದ ಕೆಲಸ ಬದಿಗಿಟ್ಟು ಹೊಸ ಹಾಳೆಯನ್ನು ಟೈಪ್‌ರೈಟರಿಗೆ ಏರಿಸುತ್ತಿದ್ದೆ.

ಅವರ ಬಳಿ ಎರಡು ಟೋಪಿಗಳಿದ್ದವು. ಒಂದು ತಲೆಗೆ, ಇನ್ನೊಂದು ಮೇಜಿಗೆ. ಅಧಿಕಾರಿಯ ಟೋಪಿ ಮೇಜಿನ ಮೇಲಿದ್ದರೆ ಅಧಿಕಾರಿ ಇಲ್ಲೇ ಎಲ್ಲೋ ಇದ್ದಾರೆ ಎಂದು ತಿಳಿಯುವುದು ಕಚೇರಿಯ ವಾಡಿಕೆ. ಬೆಳಿಗ್ಗೆ ಹತ್ತಕ್ಕೆ ಮೇಜಿನ ಟೋಪಿ ಮೇಜಿಗೆ ಬರುತ್ತಿತ್ತು. ಹತ್ತೂಕಾಲಿಗೆ ತಲೆಯ ಟೋಪಿ ಗಾಲ್ಫ್ ಮೈದಾನದ ಕಡೆ ಹೋಗುತ್ತಿತ್ತು. ಯಾರಾದರೂ ಬಂದು "ಸಾಹೇಬರು ಇದ್ದಾರಾ?" ಎಂದರೆ ನಾವು ಸುಳ್ಳು ಹೇಳುತ್ತಿರಲಿಲ್ಲ. "ಟೋಪಿ ಇದೆ" ಎನ್ನುತ್ತಿದ್ದೆವು. ತಿಳಿದವರು ಹೊರಟುಹೋಗುತ್ತಿದ್ದರು. ತಿಳಿಯದವರು ಮಧ್ಯಾಹ್ನದವರೆಗೆ ಟೋಪಿಯನ್ನು ನೋಡುತ್ತ ಕೂರುತ್ತಿದ್ದರು.

ಒಮ್ಮೆ ಜನವರಿಯಲ್ಲಿ, ಹುಲ್ಲಿನ ಮೇಲೆ ಹಿಮ ಬಿದ್ದು ಬೆಳ್ಳಗಾದ ಬೆಳಿಗ್ಗೆ, ಗೇಟಿನ ಕಾವಲಿಗಿದ್ದ ಹೊಸ ಸಿಪಾಯಿಯೊಬ್ಬ ಚಳಿ ತಾಳಲಾರದೆ ಹತ್ತು ಹೆಜ್ಜೆ ಆಚೆಯ ಬೆಂಕಿಯ ಬಳಿ ಹೋಗಿ ಕೈ ಕಾಯಿಸಿಕೊಂಡ. ಸಾಹೇಬರ ಕಣ್ಣಿಗೆ ಬಿದ್ದ. ಇಡೀ ಕಂಪನಿಯನ್ನು ಮೈದಾನದಲ್ಲಿ ಸಾಲುಗಟ್ಟಿಸಿ ಅವರು ಮಾಡಿದ ಭಾಷಣ ನನಗಿನ್ನೂ ನೆನಪಿದೆ. ಕಾವಲಿನ ಜಾಗ ಎಂದರೆ ತಾಯಿ. ಹೆತ್ತ ತಾಯಿಯನ್ನು ಚಳಿಗೆ ಬಿಟ್ಟು ಹೋಗುವವನು ನಾಳೆ ದೇಶವನ್ನೂ ಬಿಟ್ಟು ಹೋಗುತ್ತಾನೆ. ಸತ್ತರೂ ಹೆಣ ಅಲ್ಲೇ ಬೀಳಬೇಕು. ಭಾಷಣ ಕೇಳಿ ಆ ಹುಡುಗನ ಕಣ್ಣಲ್ಲಿ ನೀರು ಬಂತು. ಅವನಿಗೆ ಹದಿನಾಲ್ಕು ದಿನ ಶಿಕ್ಷೆಯಾಯಿತು. ಶಿಕ್ಷೆಯ ಕಾಗದ ಟೈಪು ಮಾಡಿ ಸಹಿಗೆಂದು ಒಳಗೆ ಹೋದೆ. ಟೋಪಿ ಇತ್ತು.

ಇಂಥವರಿಗೂ ಜೀವನದಲ್ಲಿ ಒಂದು ಪ್ರಾಮಾಣಿಕ ಪ್ರೀತಿ ಇರುತ್ತದೆ ಎಂಬುದಕ್ಕೆ ಸಾಹೇಬರ ನಾಯಿ ಸಾಕ್ಷಿ. ಸುಲ್ತಾನ ಎಂಬ ಹೆಸರಿನ, ಚಿನ್ನದ ಬಣ್ಣದ, ಬಹಳ ಮರ್ಯಾದಸ್ತ ನಾಯಿ. 'ಕೂತ್ಕೋ' ಎಂದರೆ ಕೂರುತ್ತಿತ್ತು. 'ಏಳು' ಎನ್ನುವವರೆಗೆ ಏಳುತ್ತಿರಲಿಲ್ಲ. ಸಾಹೇಬರು ಅದನ್ನು ಕಚೇರಿಯ ವರಾಂಡದಲ್ಲಿ ಕೂರಿಸಿ ಮರೆತು ಊಟಕ್ಕೆ ಹೋದ ದಿನ ಅದು ಎರಡು ಗಂಟೆ ಮಳೆಯ ಎರಚಲಿಗೆ ನೆನೆದುಕೊಂಡು ಕೂತಿತ್ತು. ನಾವು ಬಿಸ್ಕತ್ತು ತೋರಿಸಿ ಒಳಗೆ ಕರೆದರೂ ಕದಲಲಿಲ್ಲ. ನಮ್ಮ ಕೇಂದ್ರದಲ್ಲಿ ಸಾಹೇಬರ ಭಾಷಣವನ್ನು ಅಕ್ಷರಶಃ ಪಾಲಿಸಿದ ಜೀವ ಅದೊಂದೇ.

ಇನ್ನು ಬಾವುಟದ ವಿಷಯ.

ನಂಜನಾಡಿನ ಆಚೆ ಒಂದು ಕಣಿವೆಯಲ್ಲಿ ನಮ್ಮ ಕೇಂದ್ರದವರು ಬಂದೂಕಿನ ಗುರಿ ಅಭ್ಯಾಸ ಮಾಡುವ ಮೈದಾನವಿತ್ತು. ಒಂದು ತುದಿಯಲ್ಲಿ ಹುಡುಗರು ಮಲಗಿ ಗುಂಡು ಹೊಡೆಯುತ್ತಾರೆ. ಇನ್ನೊಂದು ತುದಿಯಲ್ಲಿ ಗುರಿಹಲಗೆಗಳು, ಅವುಗಳ ಹಿಂದೆ ಗುಂಡು ತಡೆಯುವ ಎತ್ತರದ ಮಣ್ಣಿನ ದಿಬ್ಬ. ದಿಬ್ಬದ ಹಿಂದೆ, ಸ್ವಲ್ಪ ಮೇಲಕ್ಕೆ, ಮೆಟ್ಟಿಲು ಮೆಟ್ಟಿಲಾಗಿ ಕ್ಯಾರೆಟ್ಟಿನ ಹೊಲಗಳು. ಸೈನ್ಯ ಬರುವ ಮೊದಲೂ ಅವು ಇದ್ದವು. ಹೊಲಕ್ಕೆ ಹೋಗುವ ಕಾಲುದಾರಿ ದಿಬ್ಬದ ಪಕ್ಕದಲ್ಲೇ ಹಾದುಹೋಗುತ್ತದೆ. ಆದ್ದರಿಂದ ನಿಯಮ ಹೀಗೆ: ಗುಂಡು ಹೊಡೆಯುವ ದಿನ ಕಂಬಕ್ಕೆ ಕೆಂಪು ಬಾವುಟ ಏರಿಸಬೇಕು. ಬಾವುಟವಿದ್ದಷ್ಟು ಹೊತ್ತು ಊರಿನವರು ಆ ದಾರಿ ತುಳಿಯಬಾರದು. ಬಾವುಟವಿದ್ದಷ್ಟು ಹೊತ್ತು ಉಸ್ತುವಾರಿಯ ಅಧಿಕಾರಿ ಕಂಬದ ಬುಡ ಬಿಡಬಾರದು. ಅವರಿಲ್ಲದೆ ಒಂದು ಗುಂಡೂ ಹಾರಬಾರದು.

ಉಸ್ತುವಾರಿ ನಮ್ಮ ಮೇಜರ್ ಸಾಹೇಬರದು. ಅವರು ಬೆಳಿಗ್ಗೆ ಬಂದು, ಬಾವುಟ ಏರಿಸಿ, ಒಂದು ಗಂಟೆ ಗುಂಡು ಹೊಡೆಸಿ, ಜೀಪು ಹತ್ತಿ ಊಟಿಗೆ ಹೋಗುತ್ತಿದ್ದರು. ಹೋಗುವಾಗ ಬಾವುಟ ಇಳಿಸಬೇಕಲ್ಲ. ಇಳಿಸಿದರೆ ಮೇಲಿನ ರಸ್ತೆಯಲ್ಲಿ ಹೋಗುವ ಅಧಿಕಾರಿಗಳಿಗೆ, ಅಭ್ಯಾಸ ಇಷ್ಟು ಬೇಗ ಮುಗಿಯಿತೇ ಎಂಬ ಕುತೂಹಲ ಹುಟ್ಟೀತು. ಹಾಗಾಗಿ ಬಾವುಟ ಮೇಲೆಯೇ ಇರುತ್ತಿತ್ತು. ಮೇಜಿನ ಟೋಪಿ ಮಾಡುವ ಕೆಲಸವನ್ನು ಕಣಿವೆಯಲ್ಲಿ ಬಾವುಟ ಮಾಡುತ್ತಿತ್ತು. ಹುಡುಗರು ಸಾಹೇಬರು ವಾಪಸು ಬರುವವರೆಗೆ ಖಾಲಿ ಬಂದೂಕು ಹಿಡಿದು ಕವಾಯತು ಮಾಡುತ್ತಿದ್ದರು.

ಆದರೆ ಊರಿನವರಿಗೆ ಕಣ್ಣಿರುತ್ತದೆ. ಜೀಪು ನಿಲ್ಲುತ್ತಿದ್ದದ್ದು ನೀಲಗಿರಿ ಮರವೊಂದರ ಕೆಳಗೆ. ಊರಿನಿಂದ ಅದು ಚೆನ್ನಾಗಿ ಕಾಣುತ್ತಿತ್ತು. ಬಾವುಟವೂ ಜೀಪೂ ಎರಡೂ ಇದ್ದರೆ ಗುಂಡು. ಬಾವುಟವಿದ್ದು ಜೀಪಿಲ್ಲದಿದ್ದರೆ ಬರೀ ಬಟ್ಟೆ. ಮೆಟ್ಟುಪಾಳ್ಯದ ಮಂಡಿಗೆ ಹೋಗುವ ಲಾರಿ ಯಾರಿಗೂ ಕಾಯುವುದಿಲ್ಲ; ಕ್ಯಾರೆಟ್ ಕಿತ್ತು ತೊಳೆದು ತುಂಬಿಯೇ ಬಿಡಬೇಕು. ಜೀಪು ಹೋದ ಕೂಡಲೇ ಹೆಂಗಸರು ಕೆಂಪು ಬಾವುಟದ ಕೆಳಗೇ ನಡೆದು ಹೊಲಕ್ಕೆ ಹೋಗುತ್ತಿದ್ದರು. ಜೀಪಿನ ಸದ್ದು ಕೇಳಿದರೆ ಬುಟ್ಟಿ ಹೊತ್ತು ಈಚೆ ಬರುತ್ತಿದ್ದರು. ಅಪಾಯದ ಗುರುತನ್ನು ಜನ ಇಷ್ಟು ನಿರ್ಭಯವಾಗಿ ದಾಟುವಂತೆ ಮಾಡಲು ಶತ್ರುದೇಶಕ್ಕೂ ಸಾಧ್ಯವಿರಲಿಲ್ಲ. ಸಾಹೇಬರು ಒಂದು ಗುಂಡೂ ಖರ್ಚಿಲ್ಲದೆ ಮಾಡಿ ತೋರಿಸಿದರು.

ಮೈದಾನದ ನಿತ್ಯದ ಕೆಲಸವೆಲ್ಲ ಹವಾಲ್ದಾರ್ ಜೋಗಿಯ ತಲೆಯ ಮೇಲೆ. ಜೋಗಿ ಈ ಬೆಟ್ಟದವರೇ ಆದ ಬಡಗರ ಹಟ್ಟಿಯೊಂದರವನು. ಮಾತು ಕಡಿಮೆ, ನಗು ಅದಕ್ಕಿಂತ ಕಡಿಮೆ. ನನ್ನನ್ನು 'ಅಣ್ಣ' ಎನ್ನುತ್ತಿದ್ದ. ಆ ವರ್ಷ ಅವನ ಹೆಸರು ನಾಯಬ್ ಸುಬೇದಾರನಾಗುವವರ ಪಟ್ಟಿಯಲ್ಲಿ ಬಂದಿತ್ತು. ಬಡ್ತಿ ಸಿಕ್ಕರೆ ಇನ್ನೂ ನಾಲ್ಕು ವರ್ಷ ಸರ್ವೀಸು. ಸಿಗದಿದ್ದರೆ ಹವಾಲ್ದಾರನ ಅವಧಿ ಮುಗಿದು ವರ್ಷದ ಕೊನೆಗೆ ಮನೆ. ಮಗಳು ಆಗಷ್ಟೇ ನರ್ಸಿಂಗಿಗೆ ಸೇರಿದ್ದಳು. ಅದೂ ನಾಲ್ಕು ವರ್ಷ. "ಎರಡೂ ಒಟ್ಟಿಗೆ ಮುಗೀತದೆ ಅಣ್ಣ" ಎಂದು ಹೇಳಿದ ದಿನ ಮಾತ್ರ ಅವನ ಹಲ್ಲು ಕಂಡದ್ದು. ಬಡ್ತಿಗೆ ಒಂದೇ ಷರತ್ತು: ನಡತೆಯ ಹಾಳೆಯಲ್ಲಿ ಕೆಂಪು ಶಾಯಿಯ ಬರಹ, ಅಂದರೆ ದೊಡ್ಡ ಶಿಕ್ಷೆಯ ದಾಖಲೆ, ಇರಬಾರದು. ಇಪ್ಪತ್ತು ಚಿಲ್ಲರೆ ವರ್ಷದ ಅವನ ಹಾಳೆಯಲ್ಲಿ ನೀಲಿ ಶಾಯಿಯ ಬೈಗುಳವೂ ಇರಲಿಲ್ಲ.

ಮೇ ತಿಂಗಳು. ಊಟಿಯಲ್ಲಿ ನಾಯಿಗಳ ಪ್ರದರ್ಶನ. ಸುಲ್ತಾನ ವಿಧೇಯತೆಯ ಸ್ಪರ್ಧೆಗೆ ಹೆಸರು ಕೊಟ್ಟಿತ್ತು, ಅಂದರೆ ಅದರ ಪರವಾಗಿ ಸಾಹೇಬರು ಕೊಟ್ಟಿದ್ದರು. ಅದೇ ದಿನ ಗುರಿ ಅಭ್ಯಾಸವೂ ಬಂತು. ಸಾಹೇಬರಿಗೆ ಇಂಥ ಧರ್ಮಸಂಕಟಗಳು ಬಾಧಿಸುತ್ತಿರಲಿಲ್ಲ. ಬೆಳಿಗ್ಗೆ ಬಾವುಟ ಏರಿಸಿದರು, ಪುಸ್ತಕದಲ್ಲಿ ಸಹಿ ಮಾಡಿದರು, ಒಂಬತ್ತಕ್ಕೆ ನಾಯಿಯನ್ನು ಜೀಪಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋದರು.

ಹನ್ನೊಂದರ ಸುಮಾರಿಗೆ ನಮ್ಮ ಕಮಾಂಡೆಂಟರು, ಯಾವ ಮುನ್ಸೂಚನೆಯೂ ಇಲ್ಲದೆ, ಗುರಿ ಅಭ್ಯಾಸ ನೋಡಿಬರುತ್ತೇನೆಂದು ಕಾರು ಹತ್ತಿದರು. ಇಂಥ ಸಮಯದಲ್ಲಿ ಸಂಬಂಧಪಟ್ಟವರಿಗೆ ಗುಟ್ಟಾಗಿ ತಿಳಿಸುವುದು ಹೆಡ್‌ಕ್ಲಾರ್ಕಿನ ಕರ್ತವ್ಯ. ಎಲ್ಲೂ ಬರೆದಿಲ್ಲ, ಆದರೆ ಬರೆದ ಕರ್ತವ್ಯಗಳಿಗಿಂತ ಅದಕ್ಕೆ ಬೆಲೆ ಜಾಸ್ತಿ. ಫೋನು ಮಾಡಿದೆ.

"ಸಾರ್, ಕಮಾಂಡೆಂಟರು ನಿಮ್ಮ ಕಡೆ ಹೊರಟರು. ಮುಕ್ಕಾಲು ಗಂಟೇಲಿ ಅಲ್ಲಿರ್ತಾರೆ."

"ನಾನೀಗ ಅಲ್ಲಾಡೋ ಹಾಗಿಲ್ಲಪ್ಪ. ಡೇರೆ ಹಿಂದೆ ನಿಂತಿದ್ದೀನಿ," ಎಂದು ಸಾಹೇಬರು ಪಿಸುಗುಟ್ಟಿದರು. ಕನ್ನಡದಲ್ಲಿ.

ಅವರು ಡೇರೆಯ ಹಿಂದೆ ನಿಂತಿದ್ದಕ್ಕೆ ಕಾರಣವಿತ್ತು. ಆ ಸ್ಪರ್ಧೆಯ ನಿಯಮವೆಂದರೆ, ನಾಯಿಯನ್ನು ಕೂರಿಸಿ ಯಜಮಾನ ಕಣ್ಮರೆಯಾಗಬೇಕು. ಅವನು ಬರುವವರೆಗೆ ನಾಯಿ ಕೂತ ಜಾಗ ಬಿಟ್ಟು ಏಳಬಾರದು. ಎದ್ದರೆ ಸೋತಂತೆ. ಸುಲ್ತಾನ ಕೂತಿತ್ತು. ಎಷ್ಟು ಚೆನ್ನಾಗಿ ಕೂತಿತ್ತೆಂದರೆ ಮೊದಲ ಬಹುಮಾನ ಅದಕ್ಕೇ ಬಂತು. ಅದು ಕೂತಿದ್ದ ಹೊತ್ತಿನಲ್ಲೇ ಸಾಹೇಬರು ಡೇರೆಯ ಹಿಂದಿನಿಂದ ಜೋಗಿಗೆ ಫೋನು ಮಾಡಿ ಅತ್ತ ದೇಶರಕ್ಷಣೆಯ ವ್ಯವಸ್ಥೆಯನ್ನೂ ನೋಡಿಕೊಳ್ಳುತ್ತಿದ್ದರು. ಆ ಸಂಭಾಷಣೆಯನ್ನು ಜೋಗಿ ನನಗೆ ಆಮೇಲೆ ಹೇಳಿದಂತೆ ಬರೆಯುತ್ತೇನೆ.

"ಜೋಗಿ, ಒಂದು ಸಾಲು ಹುಡುಗರನ್ನ ಮಲಗಿಸಿ ಹೊಡೆಸು. ಕಮಾಂಡೆಂಟ್ ಗಾಡಿ ತಿರುವಿಗೆ ಬರೋಷ್ಟರಲ್ಲಿ ಸದ್ದು ಕೇಳಿಸ್ಬೇಕು. ನಾನು ಬಂದ್ಬಿಡ್ತೀನಿ."

"ಸಾರ್, ದಿಬ್ಬದ ಹಿಂದೆ ಹೆಂಗಸರವ್ರೆ. ಏಳು ಜನ."

"ದಿಬ್ಬ ಇರೋದು ಯಾಕಯ್ಯ ಮತ್ತೆ? ಗುಂಡು ತಡೆಯೋಕಲ್ವಾ?"

"ತಡೀತದೆ ಸಾರ್. ಹುಡುಗರು ಬಂದೂಕು ಹಿಡಿದು ಇನ್ನೂ ಮೂರು ವಾರ. ನಿನ್ನೆ ಒಬ್ಬ ಆ ಮೇಲಿನ ಮರಕ್ಕೇ ಹೊಡೆದ."

"ಇದು ಆರ್ಡರ್."

"ನೀವಿಲ್ದೆ ಹೊಡೆಸೋ ಹಾಗಿಲ್ಲ ಸಾರ್."

"ನಾನು ಇದೀನಲ್ಲಯ್ಯ, ಫೋನಲ್ಲಿ."

ಆ ಕಡೆ ಮೈಕಿನಲ್ಲಿ ಮುಂದಿನ ನಾಯಿಯ ಹೆಸರು ಕೂಗುವುದು ಕೇಳಿಸಿತಂತೆ. ಜೋಗಿ ಫೋನು ಇಟ್ಟ. ಗುಂಡಿನ ಪೆಟ್ಟಿಗೆಗೆ ಬೀಗ ಹಾಕಿದ. ಕೀಲಿಯನ್ನೂ ಫೋನನ್ನೂ ಜೇಬಿಗೆ ಸೇರಿಸಿದ. ಇನ್ನು ಗುಂಡಿಲ್ಲ ಎಂದು ಬಾವುಟ ಇಳಿಸಿ ಮಡಿಸಿಟ್ಟ. ಇಪ್ಪತ್ತು ಹುಡುಗರನ್ನು ಬಂದೂಕು ಪಕ್ಕಕ್ಕಿರಿಸಿ ಸಾಲಾಗಿ ಕೂರಿಸಿ, "ನಾನು ಬರೋ ತನಕ ಯಾರೂ ಏಳಬೇಡಿ" ಎಂದು ಹೇಳಿ, ಹೆಂಗಸರನ್ನು ಕರೆತರಲು ದಿಬ್ಬದ ಹಿಂದಕ್ಕೆ ಓಡಿದ.

ಆದ್ದರಿಂದ ಕಮಾಂಡೆಂಟರು ಬಂದಾಗ ಕಂಡದ್ದು ಇಷ್ಟು: ಬಾವುಟವಿಲ್ಲದ ಕಂಬ, ಅಧಿಕಾರಿಯಿಲ್ಲದ ಮೈದಾನ, ಹವಾಲ್ದಾರನಿಲ್ಲದ ಇಪ್ಪತ್ತು ಹುಡುಗರು. ಸ್ವಲ್ಪ ಹೊತ್ತಿಗೆ ದಿಬ್ಬದ ಅಂಚಿನಿಂದ ಜೋಗಿ ಪ್ರತ್ಯಕ್ಷನಾದ. ಅವನ ಹಿಂದೆ ಏಳು ಹೆಂಗಸರು, ತಲೆಯ ಮೇಲೆ ಕ್ಯಾರೆಟ್ ಬುಟ್ಟಿಗಳು. ಇನ್ನೂ ಅರ್ಧ ಗಂಟೆಗೆ ಜೀಪು ಬಂತು. ಕೊರಳಲ್ಲಿ ನೀಲಿ ರಿಬ್ಬನ್ನು ಕಟ್ಟಿಕೊಂಡ ಸುಲ್ತಾನ ಮೊದಲು ಇಳಿಯಿತು.

ವಿಚಾರಣೆ ನಡೆಯಿತು. ಮೂವರು ಅಧಿಕಾರಿಗಳು ಕೂತರು. ಸಾಹೇಬರು ಮೊದಲು, ತಾವು ಸುರಕ್ಷತೆ ಪರೀಕ್ಷಿಸಲು ಕಣಿವೆಯ ಆಚೆ ತುದಿಗೆ ಹೋಗಿದ್ದಾಗ ಹವಾಲ್ದಾರ ಜಾಗ ಬಿಟ್ಟು ಓಡಿಹೋದ ಎಂದರು. ಅಷ್ಟರಲ್ಲಿ ತಮಿಳು ಪತ್ರಿಕೆಯೊಂದರಲ್ಲಿ ಸುಲ್ತಾನನ ಫೋಟೋ ಬಂದಿತ್ತು, ಪಕ್ಕದಲ್ಲಿ ಬಹುಮಾನದ ಕಪ್ಪು ಹಿಡಿದು ಮೀಸೆಯ ಸಮೇತ ಸಾಹೇಬರು. ಪತ್ರಿಕೆ ನಮ್ಮ ಕಚೇರಿಯಲ್ಲಿ ಇಪ್ಪತ್ತು ಕೈ ದಾಟಿ ವಿಚಾರಣೆಯ ಮೇಜು ಸೇರಿತು. ಆಗ ಸಾಹೇಬರು, ನಾಗರಿಕರಲ್ಲಿ ಸೈನ್ಯದ ಬಗ್ಗೆ ಗೌರವ ಮೂಡಿಸಲು ಹೋಗಿದ್ದೆ ಎಂದರು. ಅದೂ ಸಾಲದೆನಿಸಿ, ಮೊಬೈಲು ಸದಾ ಆನ್ ಇದ್ದದ್ದರಿಂದ ಈಗಿನ ಕಾಲದ ಅರ್ಥದಲ್ಲಿ ತಾವು ಕಂಬದ ಬುಡದಲ್ಲೇ ಇದ್ದಂತೆ ಎಂಬ ವಾದವನ್ನು ನಾಲ್ಕು ಹಾಳೆ ಬರೆದುಕೊಟ್ಟರು. ಟೈಪು ಮಾಡುವಾಗ ನನಗೆ ಟೋಪಿಗಳ ಕಾಲ ಮುಗಿಯಿತಲ್ಲ ಎಂದು ಬೇಸರವಾಯಿತು.

ಆ ಏಳು ಹೆಂಗಸರಲ್ಲಿ ಹಿರಿಯಳಾದ ಮಾದೇವಿಯನ್ನು ಸಾಕ್ಷಿಗೆ ಕರೆಸಿದ್ದರು. ಚಾಮರಾಜನಗರದ ಕಡೆಯಿಂದ ಬಂದು ಆ ಹೊಲಗಳಲ್ಲೊಂದನ್ನು ಗುತ್ತಿಗೆಗೆ ಮಾಡುತ್ತಿದ್ದವಳು. ಅಧಿಕಾರಿಗಳ ಹಿಂದಿಯನ್ನು ಅವಳಿಗೂ ಅವಳ ಕನ್ನಡವನ್ನು ಅವರಿಗೂ ತಲುಪಿಸುವ ಕೆಲಸ ನನ್ನದಾಯಿತು.

"ಬಾವುಟ ಕಾಣಿಸಲಿಲ್ಲವೇ ಅಂತ ಕೇಳ್ತಿದ್ದಾರಮ್ಮ."

"ಕಾಣ್ದೆ ಇದ್ದದ್ದಾ ಸ್ವಾಮಿ? ಅಷ್ಟಗಲ ಬಟ್ಟೆ."

"ಮತ್ತೆ ಯಾಕೆ ಹೋದಿರಿ?"

"ಜೀಪಿರಲಿಲ್ಲ ಕನ ಸ್ವಾಮಿ."

ಅಧಿಕಾರಿಗಳು ಬಾವುಟಕ್ಕೂ ಜೀಪಿಗೂ ಏನು ಸಂಬಂಧ ಎಂದರು. ಅವಳು ದಡ್ಡ ಮಕ್ಕಳಿಗೆ ಬಿಡಿಸಿ ಹೇಳುವಂತೆ ಹೇಳಿದಳು.

"ಜೀಪಿದ್ರ ಸಾಹೇಬ್ರು ಇರ್ತಾರ. ಸಾಹೇಬ್ರು ಇದ್ರ ಗುಂಡು ಹೊಡಿತಾರ. ಜೀಪಿಲ್ಲ ಅಂದ್ರ ಅದು ಬಟ್ಟೆ ಒಣಗಾಕ್ದಂಗೆ. ಮೂರು ವರ್ಷದಿಂದ ಹಂಗೇ ಅಲ್ವಾ ನಾವು ಕ್ಯಾರೆಟ್ ಕೀಳ್ತಿರದು?"

"ಮೂರು ವರ್ಷ?" ಎಂದು ನಡುವೆ ಕೂತಿದ್ದ ಕರ್ನಲ್ಲು ನನ್ನನ್ನೇ ಕೇಳಿದರು, ನಾನು ತಪ್ಪು ಅನುವಾದಿಸಿದೆನೋ ಎಂಬಂತೆ.

"ಅವತ್ತು ಆ ಅಣ್ಣ ಬಂದು ಏಳಿ ಏಳಿ ಅಂದ," ಮಾದೇವಿ ಮುಂದುವರಿಸಿದಳು. "ಜೀಪೇ ಬಂದಿಲ್ವಲ್ಲೋ, ಇನ್ನೆರಡು ಸಾಲು ಅದ, ಕಿತ್ಕೊಂಡ್ ಬತ್ತೀವಿ ಅಂದಿ ನಾನು. 'ಅಕ್ಕ, ಇವತ್ತು ಜೀಪಿಲ್ದೇನೂ ಹೊಡೆಸ್ತಾರೆ, ಏಳು' ಅಂತ ನನ್ನ ಬುಟ್ಟಿನ ಅವನೇ ಎತ್ತಿ ನನ್ನ ತಲೆ ಮ್ಯಾಲಿಟ್ಟ."

ನಾನು ಅನುವಾದಿಸಿದೆ. ಕರ್ನಲ್ಲು ಅದನ್ನು ಬರೆದುಕೊಂಡು ಅವಳನ್ನು ಕಳಿಸಿಕೊಟ್ಟರು.

ಅಧಿಕಾರಿಯೊಬ್ಬ ಕರ್ತವ್ಯದ ಜಾಗ ಬಿಟ್ಟರೆ ಕಾನೂನಿನಲ್ಲಿ ಬಹಳ ಭಯಂಕರವಾದ ಶಿಕ್ಷೆಗಳಿವೆ. ಓದಿದರೆ ಮೈ ಜುಮ್ಮೆನ್ನುತ್ತದೆ. ಮೊದಮೊದಲು ಕೋರ್ಟ್ ಮಾರ್ಷಲ್ ಎಂಬ ಮಾತೂ ಕೇಳಿಬಂತು. ಕಡತ ಬೆಟ್ಟ ಇಳಿಯಿತು, ಹತ್ತಿತು, ಮತ್ತೆ ಇಳಿಯಿತು. ದೊಡ್ಡ ಮನೆತನದವರು ಯಾರುಯಾರಿಗೋ ಫೋನು ಮಾಡಿದರು. ನಾಲ್ಕು ತಿಂಗಳ ಮೇಲೆ ದೂರದ ಊರಿನ ಜನರಲ್ ಸಾಹೇಬರಿಂದ ತೀರ್ಪು ಬಂತು. ಮೇಜರರ ನಡವಳಿಕೆಯಿಂದ ತಮಗೆ 'ತೀವ್ರ ಅಸಮಾಧಾನ'ವಾಗಿದೆ ಎಂದು ಜನರಲ್ ಸಾಹೇಬರು ತಿಳಿಸಿದ್ದರು. ತಮಾಷೆಯಲ್ಲ, ಶಿಕ್ಷೆಯ ಹೆಸರೇ ಅದು. ನಮ್ಮಮ್ಮ ಇದೇ ಶಿಕ್ಷೆಯನ್ನು ನನಗೆ ದಿನಕ್ಕೆ ಮೂರು ಹೊತ್ತು ವಿಧಿಸುತ್ತಿದ್ದರು. ಸಾಹೇಬರಿಗೆ ಮೊಹರು ಮಾಡಿದ ಲಕೋಟೆಯಲ್ಲಿ ಒಂದೇ ಸಲ ಬಂತು. ನ್ಯಾಯವಾಗಿ ಹೇಳಬೇಕೆಂದರೆ ಇದರಿಂದ ಅವರ ಬಡ್ತಿ ನಿಂತಿತು. ಇನ್ನೂ ನ್ಯಾಯವಾಗಿ ಹೇಳಬೇಕೆಂದರೆ ಅವರಿಗೆ ಬಡ್ತಿ ಬರುತ್ತದೆಂದು ಅವರ ನಾಯಿಯೂ ನಂಬಿರಲಿಲ್ಲ. ಅವಧಿಗೆ ಮುಂಚೆ ನಿವೃತ್ತಿ ಪಡೆದು, ಊಟಿಯಲ್ಲಿ ಮನೆ ಮಾಡಿ, ಶಾಲೆ ಶಾಲೆಗೆ ಹೋಗಿ ಮಕ್ಕಳಿಗೆ ಶಿಸ್ತಿನ ಮೇಲೆ ಭಾಷಣ ಮಾಡತೊಡಗಿದರು. ಅಸಮಾಧಾನದ ಕಾಗದ ಗೋಪ್ಯ ಕಡತದಲ್ಲಿ ಉಳಿಯಿತು. ಅದನ್ನು ಟೈಪು ಮಾಡುವವರ ಹೊರತು ಯಾರೂ ನೋಡುವಂತಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನು ಆ ಸಭೆಯಲ್ಲಿ ಎರಡು ಸುಳ್ಳಾದರೂ ಹೇಳಿ ಬರುತ್ತಿದ್ದೆ. ಆದರೆ ಸಾಹೇಬರು ಹೋಗುವ ಮೊದಲು ಒಂದು ಮನವಿ ಬರೆದರು. ಅದೇ ದಿನ ಅದೇ ಮೈದಾನದಲ್ಲಿ ಹವಾಲ್ದಾರನೂ ಜಾಗ ಬಿಟ್ಟಿದ್ದಾನೆ. ಬಂದೂಕುಗಳನ್ನೂ ಹೊಸ ಹುಡುಗರನ್ನೂ ಅನಾಥ ಮಾಡಿ ಹೋಗಿದ್ದಾನೆ. ಅಪ್ಪಣೆಯಿಲ್ಲದೆ ಬಾವುಟ ಇಳಿಸಿದ್ದಾನೆ. ಅವನಿಗೆ ಶಿಕ್ಷೆಯಿಲ್ಲದೆ ತನಗೆ ಮಾತ್ರ ಶಿಕ್ಷೆ ಎಂದರೆ ಅದು ತಾರತಮ್ಯ. ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಇಡೀ ಸರ್ವೀಸಿನಲ್ಲಿ ಸಾಹೇಬರು ಬರೆದ ಸತ್ಯವಾದ ಕಾಗದ ಅದೊಂದೇ. ಮೇಲಿನಿಂದ ಆಜ್ಞೆಯಾಯಿತು: ಹವಾಲ್ದಾರನ ಮೇಲೂ ಕ್ರಮ ಜರುಗಿಸಿ.

ಜೋಗಿಯನ್ನು ಟೋಪಿ, ಬೆಲ್ಟು ತೆಗೆಸಿ ಕಮಾಂಡೆಂಟರ ಎದುರು ನಿಲ್ಲಿಸಿದರು. ನಾನು ನಡತೆಯ ಹಾಳೆ ಹಿಡಿದು ಮೇಜಿನ ಪಕ್ಕದಲ್ಲಿದ್ದೆ. ಕಮಾಂಡೆಂಟರು ಒಳ್ಳೆಯ ಮನುಷ್ಯ. ಅವರಿಗೂ ಆ ಕೆಲಸ ಹಿಡಿಸಿರಲಿಲ್ಲ. ಹಿಂದಿಯಲ್ಲಿ ನಡೆದ ಮಾತನ್ನು ಕನ್ನಡಕ್ಕೆ ತಂದಿದ್ದೇನೆ.

"ಜಾಗ ಬಿಟ್ಟದ್ದು ನಿಜವೇ?"

"ನಿಜ ಸಾರ್."

"ಒಬ್ಬ ಹುಡುಗನನ್ನು ಕಳಿಸಬಹುದಿತ್ತಲ್ಲ?"

"ಫೋನ್ ಮತ್ತೆ ಬರ್ತಿತ್ತು ಸಾರ್. ಕೀಲಿ ಯಾರ ಕೈಲಿದ್ರೆ ಅವನಿಗೆ ಆರ್ಡರ್ ಆಗ್ತಿತ್ತು. ಅದಕ್ಕೇ ಕೀಲಿನ ನಾನೇ ತಗೊಂಡು ಹೋದೆ."

ಕಮಾಂಡೆಂಟರು ಮೇಲಿನಿಂದ ಬಂದ ಆಜ್ಞೆಯನ್ನು ಇನ್ನೊಮ್ಮೆ ಓದಿದರು. ಆಮೇಲೆ ತೀವ್ರ ವಾಗ್ದಂಡನೆ ಎಂದರು. ಹವಾಲ್ದಾರನಿಗೆ ಅದು ಕೆಂಪು ಶಾಯಿ. ಏನಾದರೂ ಹೇಳುವುದಿದೆಯೇ ಎಂದು ಕೇಳುವುದು ಕ್ರಮ, ಕೇಳಿದರು.

"ಬರೀರಿ ಸಾರ್," ಎಂದ ಜೋಗಿ. "ಜಾಗ ಬಿಟ್ಟೆ. ಬಿಟ್ಟು ಎಲ್ಲಿಗೆ ಹೋದೆ ಅನ್ನೋದನ್ನೂ ಬರೀರಿ. ನಾಳೆ ಮಗಳು ಇದನ್ನ ನೋಡಿದ್ರೆ, ಅಪ್ಪ ಹೆದರಿ ಓಡಿಹೋದ ಅಂದ್ಕೋಬಾರದು."

ಕಮಾಂಡೆಂಟರು ಪೆನ್ನು ಎತ್ತಿಹಿಡಿದು ನನ್ನ ಕಡೆ ತಿರುಗಿದರು.

"ಹೆಡ್‌ಕ್ಲಾರ್ಕ್, ಅದನ್ನು ಬರೆಯೋದಕ್ಕೆ ಕಾಲಂ ಇದೆಯೇ?"

"ಇಲ್ಲ ಸಾರ್," ಎಂದೆ.

ಜೋಗಿ ತಿರುಗಿ ಹೊರಗೆ ನಡೆದ. ಬಡ್ತಿಯ ಪಟ್ಟಿಯಿಂದ ಅವನ ಹೆಸರು ಹೋಯಿತು. ವರ್ಷದ ಕೊನೆಗೆ ಅವನು ಮನೆಗೆ ಹೋದ. ಮಗಳ ಓದು ಮುಗಿಸಲು ಅಣ್ಣತಮ್ಮಂದಿರ ಪಾಲಿನ ಟೀ ಎಲೆಯನ್ನೂ ಕೂಲಿಗೆ ಕಿತ್ತನೆಂದು ಕೇಳಿದೆ.

ಕಾಲಂ ಇತ್ತು. ಹಾಳೆಯ ಬಲಗಡೆ ಕೊನೆಯದು, 'ಷರಾ' ಎಂದು. ಅದರಲ್ಲಿ ಏನು ಬರೆದರೂ ಮೇಲಿನವರು ವಿವರಣೆ ಕೇಳುತ್ತಾರೆ. ಆದ್ದರಿಂದ ಅಲ್ಲಿ ಏನೂ ಬರೆಯಬಾರದೆಂದು ನನ್ನ ಹಿಂದಿನ ಹೆಡ್‌ಕ್ಲಾರ್ಕು ನನಗೆ ಹೇಳಿಕೊಟ್ಟಿದ್ದರು, ನಾನು ನನ್ನ ಮುಂದಿನವನಿಗೆ ಹೇಳಿಕೊಟ್ಟೆ. ಏಳು ಹೆಂಗಸರ ವಿಷಯ ಬರೆಯಲು ಬೇಕಾದಷ್ಟು ಜಾಗವಿತ್ತು. ಕಮಾಂಡೆಂಟರ ಸಹಿ ಒಣಗಿದ ಮೇಲೆ, ರೂಢಿಯಂತೆ, ನಾನು ಅಲ್ಲೊಂದು ಅಡ್ಡಗೆರೆ ಎಳೆದು ಹಾಳೆಯನ್ನು ಕಡತಕ್ಕೆ ಸೇರಿಸಿದೆ.